ಪ್ರೈವೇಟ್ ಕ್ರೆಡಿಟ್: ಯಾವ ಫಂಡ್ ಯಾರಿಗೆ?

ಒಂದೇ ಕಂಪನಿಗೆ ಕೊಟ್ಟ ಸಾಲದ ಪಾಲು ಮೂರು ಬೇರೆ ಬೇರೆ ಪ್ರೈವೇಟ್ ಕ್ರೆಡಿಟ್ ಫಂಡ್‌ಗಳಲ್ಲಿ ಇರುವುದು ಈಗ ಮಾಮೂಲು. ಮೊದಲ ಫಂಡ್ ನಿಮ್ಮ ದುಡ್ಡನ್ನು ಏಳೆಂಟು ವರ್ಷ ಕಟ್ಟಿಹಾಕುತ್ತದೆ. ಎರಡನೆಯದು ಮೂರು ತಿಂಗಳಿಗೊಮ್ಮೆ ಒಂದಿಷ್ಟು ವಾಪಸ್ ಕೊಡುವುದಾಗಿ ಹೇಳುತ್ತದೆ. ಮೂರನೆಯದರ ಷೇರನ್ನು ಯಾವತ್ತು ಬೇಕಾದರೂ ಮಾರಬಹುದು, ಆದರೆ ಆವತ್ತಿನ ಮಾರುಕಟ್ಟೆ ಬೆಲೆಗೆ. ಸಾಲಗಾರ ಒಬ್ಬನೇ, ಬಡ್ಡಿಯೂ ಒಂದೇ. ಆದರೂ ಮೂವರು ಹೂಡಿಕೆದಾರರ ಕೈಗೆ ಬರುವ ಫಲ ಒಂದರಂತೆ ಒಂದಿರುವುದಿಲ್ಲ.

ಹಾಗಾಗಿ ಇಲ್ಲಿ ದುಡ್ಡು ಹಾಕಲು ಹೊರಟವರು ಮೊದಲು ನೋಡಬೇಕಾದ್ದು ದುಡ್ಡು ಹೊರಗೆ ಬರುವ ದಾರಿ. ಆಮೇಲೆ ಶುಲ್ಕ. ಅದಾದ ಮೇಲೆ ಸಾಲದ ಬಗೆ. ಜಾಹೀರಾತಿನ ದಪ್ಪಕ್ಷರದಲ್ಲಿರುವ ಶೇ 10ರ ಆದಾಯವನ್ನು ಕೊನೆಗೆ ನೋಡಿದರೆ ಸಾಕು. ಈ ಬರಹವೂ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿದೆ.

ಬ್ಯಾಂಕ್ ಬಿಟ್ಟುಕೊಟ್ಟ ಜಾಗ

ಪ್ರೈವೇಟ್ ಕ್ರೆಡಿಟ್ ಅಂದರೆ ಬ್ಯಾಂಕ್ ಅಲ್ಲದ ಫಂಡ್‌ಗಳು ಕಂಪನಿಗಳಿಗೆ ನೇರವಾಗಿ ಕೊಡುವ ಸಾಲ. ಅದಕ್ಕೆ ದಿನವೂ ಬೆಲೆ ತೋರಿಸುವ ಮಾರುಕಟ್ಟೆ ಇಲ್ಲ. 2008ರ ಬಿಕ್ಕಟ್ಟಿನ ನಂತರ ಬ್ಯಾಂಕುಗಳಿಗಿರುವ ಬಾಸೆಲ್ ಎಂಬ ಅಂತಾರಾಷ್ಟ್ರೀಯ ನಿಯಮಗಳು ಬಿಗಿಯಾದವು, ಬ್ಯಾಂಕುಗಳು ರಿಸ್ಕ್ ಇರುವ ಸಾಲಕ್ಕೆ ಜಾಸ್ತಿ ಬಂಡವಾಳ ಎತ್ತಿಡಬೇಕಾಯಿತು. 2013ರಲ್ಲಿ ಅಮೆರಿಕದ ನಿಯಂತ್ರಕರು ಇನ್ನೊಂದು ಗೆರೆ ಎಳೆದರು: ಕಂಪನಿಯ ಎಬಿಟ್ಡಾದ ಆರು ಪಟ್ಟಿಗಿಂತ ಹೆಚ್ಚು ಸಾಲ ಇದ್ದರೆ ಅದು ಆತಂಕದ ವಿಷಯ ಎಂದರು. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ. ಫಂಡ್‌ಗಳಿಗೆ ಈ ಗೆರೆ ಇರಲಿಲ್ಲ. ಅವು ಒಳಗೆ ಬಂದವು.

2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ಏರಿಸತೊಡಗಿದಾಗ ಈ ವಲಯಕ್ಕೆ ದೊಡ್ಡ ಅವಕಾಶ ಸಿಕ್ಕಿತು. ಟ್ವಿಟರ್ ಖರೀದಿಗೆ ಕೊಟ್ಟ ಸುಮಾರು 1,300 ಕೋಟಿ ಡಾಲರ್ ಸಾಲವನ್ನು ಬೇರೆಯವರಿಗೆ ಮಾರಲಾಗದೆ ಬ್ಯಾಂಕುಗಳು ತಮ್ಮ ಬಳಿಯೇ ಇಟ್ಟುಕೊಂಡು ಕೂತವು. ಹೊಸ ಸಾಲ ಕೊಡುವ ಹುರುಪು ಅವಕ್ಕೆ ಉಳಿಯಲಿಲ್ಲ. ಸಾಲ ಬೇಕಾದ ಕಂಪನಿಗಳು ಫಂಡ್‌ಗಳ ಕಡೆ ತಿರುಗಿದವು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಪ್ರಕಾರ 2023ರಲ್ಲಿ ಈ ಮಾರುಕಟ್ಟೆ 2.1 ಲಕ್ಷ ಕೋಟಿ ಡಾಲರ್ ದಾಟಿತ್ತು. ಅದರ ಮುಕ್ಕಾಲು ಪಾಲು ಅಮೆರಿಕದ್ದು. ಈ ಬರಹದ ಉದಾಹರಣೆಗಳು ಹೆಚ್ಚಾಗಿ ಅಲ್ಲಿಯವೇ ಆಗಿರುವುದಕ್ಕೆ ಕಾರಣ ಇದೇ.

ಈಗ ಗಾಳಿ ಸ್ವಲ್ಪ ತಿರುಗಿದೆ. ಬ್ಯಾಂಕುಗಳು ವಾಪಸ್ ಬರುತ್ತಿವೆ. ಸಿಟಿ ಬ್ಯಾಂಕ್ 2024ರಲ್ಲಿ ಅಪೊಲೊ ಎಂಬ ಹೂಡಿಕೆ ಸಂಸ್ಥೆಯ ಜೊತೆ 2,500 ಕೋಟಿ ಡಾಲರ್‌ನ ಸಾಲದ ಕಾರ್ಯಕ್ರಮ ಪ್ರಕಟಿಸಿತು. ಜೆಪಿ ಮಾರ್ಗನ್ 2025ರ ಫೆಬ್ರುವರಿಯಲ್ಲಿ ನೇರ ಸಾಲಕ್ಕೆಂದೇ 5,000 ಕೋಟಿ ಡಾಲರ್ ಎತ್ತಿಟ್ಟಿತು. 2013ರ ಆ ಮಾರ್ಗಸೂಚಿಯನ್ನು ಎರಡು ಅಮೆರಿಕನ್ ನಿಯಂತ್ರಕ ಸಂಸ್ಥೆಗಳು 2025ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡವು. ಸಾಲ ಕೊಡುವವರು ಹೆಚ್ಚಾದರೆ ಸಾಲಗಾರ ಚೌಕಾಸಿ ಮಾಡುತ್ತಾನೆ, ಅಲ್ವಾ? ಹಾಗೇ ಆಗಿದೆ. 2023ರಲ್ಲಿ ಮೂಲ ದರವಾದ ಸೋಫರ್ ಮೇಲೆ ಶೇ 6 ಅಥವಾ ಅದಕ್ಕೂ ಹೆಚ್ಚು ಕೊಡುತ್ತಿದ್ದ ದೊಡ್ಡ ಕಂಪನಿಗಳು 2025ರಲ್ಲಿ ಶೇ 5ರ ಆಸುಪಾಸಿನಲ್ಲಿ ಸಾಲ ಪಡೆದವು. ಸೋಫರ್ ಕೂಡ ಇಳಿದಿದೆ. ಫೆಡರಲ್ ರಿಸರ್ವ್‌ನ ದರ 2023ರ ಜುಲೈನಲ್ಲಿ ಶೇ 5.25ರಿಂದ 5.50ರ ನಡುವೆ ಇತ್ತು, 2025ರ ಕೊನೆಗೆ ಶೇ 3.50ರಿಂದ 3.75ಕ್ಕೆ ಬಂತು. ಆದ್ದರಿಂದ ಕಳೆದ ಮೂರು ವರ್ಷದ ಆದಾಯ ತೋರಿಸಿ ಯಾರಾದರೂ ಫಂಡ್ ಮಾರಲು ಬಂದರೆ, ಆ ದರ ಈಗ ಇಲ್ಲ ಎಂಬುದು ನೆನಪಿರಲಿ.

ಮೊದಲ ದಾರಿ: ಡ್ರಾಡೌನ್ ಫಂಡ್

ಇದು ಹಳೆಯ ಮಾದರಿ. ನೀವು ಇಷ್ಟು ದುಡ್ಡು ಕೊಡುತ್ತೇನೆ ಎಂದು ಒಪ್ಪಂದಕ್ಕೆ ಸಹಿ ಹಾಕುತ್ತೀರಿ. ಸಾಲ ಕೊಡುವ ಸಮಯ ಬಂದಾಗ ಫಂಡ್ ಕಂತುಕಂತಾಗಿ ಕೇಳಿ ಪಡೆಯುತ್ತದೆ. ಸಾಲ ತೀರಿದ ಹಾಗೆ ನಿಮಗೆ ವಾಪಸ್ ಬರುತ್ತದೆ. ಒಟ್ಟು ಏಳರಿಂದ ಹತ್ತು ವರ್ಷ.

ಮಧ್ಯದಲ್ಲಿ ಹೊರಗೆ ಬರಲು ಸುಲಭದ ದಾರಿ ಇಲ್ಲ. ಬೇರೊಬ್ಬ ಹೂಡಿಕೆದಾರನಿಗೆ ನಿಮ್ಮ ಪಾಲು ಮಾರಬಹುದು, ಆದರೆ ಬೆಲೆ ಬಿಟ್ಟುಕೊಡಬೇಕಾಗುತ್ತದೆ. ಕೇಳಲು ಇದು ಕೊರತೆ ಅನಿಸುತ್ತದೆ. ನನ್ನ ಲೆಕ್ಕದಲ್ಲಿ ಈ ಮಾದರಿಯ ದೊಡ್ಡ ಬಲವೇ ಇದು. ಸಾಲ ಐದಾರು ವರ್ಷದ್ದು, ಹೂಡಿಕೆಯೂ ಅದಕ್ಕೆ ತಕ್ಕಷ್ಟು ಕಾಲದ್ದು. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಓಡಿದರು ಅಂತ ಒಳ್ಳೆ ಸಾಲವನ್ನು ಅರ್ಧ ಬೆಲೆಗೆ ಮಾರುವ ಗತಿ ಮ್ಯಾನೇಜರ್‌ಗೆ ಬರುವುದಿಲ್ಲ.

ಎರಡು ಕಡೆ ಹುಷಾರಾಗಿರಬೇಕು. ಶುಲ್ಕ ಯಾವುದರ ಮೇಲೆ ಎಂಬುದು ಒಂದು. ನೀವು ಕೊಡಲು ಒಪ್ಪಿದ ಮೊತ್ತದ ಮೇಲೆ ಶುಲ್ಕ ಹಾಕಿದರೆ, ಇನ್ನೂ ಸಾಲವಾಗಿ ಹೋಗದ ದುಡ್ಡಿಗೂ ನೀವು ಕಟ್ಟುತ್ತಿರುತ್ತೀರಿ. ನಿಜವಾಗಿ ಹೂಡಿದ ಮೊತ್ತದ ಮೇಲೆ ಶುಲ್ಕ ಇರುವ ಫಂಡ್ ಮೇಲು. ಇನ್ನೊಂದು, ಐಆರ್‌ಆರ್ ಎಂಬ ವಾರ್ಷಿಕ ಲಾಭದ ಅಂಕಿ. ಫಂಡ್ ಮೊದಲು ಬ್ಯಾಂಕಿನಿಂದ ಕೈಸಾಲ ತಂದು ವ್ಯವಹಾರ ನಡೆಸಿ, ನಿಮ್ಮ ದುಡ್ಡನ್ನು ತಡವಾಗಿ ಕೇಳಿದರೆ ಐಆರ್‌ಆರ್ ಚೆನ್ನಾಗಿ ಕಾಣುತ್ತದೆ. ಕೈಗೆ ಬಂದ ಒಟ್ಟು ದುಡ್ಡು ಅಷ್ಟು ಹೆಚ್ಚಿರುವುದಿಲ್ಲ. ಹಾಕಿದ 100ಕ್ಕೆ ಒಟ್ಟು ಎಷ್ಟು ವಾಪಸ್ ಬಂತು ಎಂದೇ ಕೇಳಿ.

ಎರಡನೆಯ ದಾರಿ: ಮೂರು ತಿಂಗಳಿಗೊಮ್ಮೆ ತೆರೆಯುವ ಫಂಡ್

ಈಚಿನ ವರ್ಷಗಳಲ್ಲಿ ಹೆಚ್ಚು ದುಡ್ಡು ಹರಿದದ್ದು, ಹೆಚ್ಚು ತಲೆಬಿಸಿ ಇರುವುದು ಎರಡೂ ಇಲ್ಲೇ. ದೊಡ್ಡ ಪಿಂಚಣಿ ನಿಧಿಗಳಿಂದ ಸಿಗುವಷ್ಟು ಸಿಕ್ಕ ಮೇಲೆ ಮ್ಯಾನೇಜರ್‌ಗಳು ಸಾಮಾನ್ಯ ಹೂಡಿಕೆದಾರರ ಕಡೆ ಬಂದರು. ಯುರೋಪಿನಲ್ಲಿ ಎಲ್ಟಿಫ್ ಎಂಬ ದೀರ್ಘಾವಧಿ ಹೂಡಿಕೆ ಫಂಡ್‌ಗಳ ನಿಯಮಗಳನ್ನು ಸಡಿಲಿಸಿ 2024ರ ಜನವರಿಯಿಂದ ಜಾರಿಗೆ ತಂದರು. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಅಧ್ಯಕ್ಷರ ಆದೇಶವೊಂದು ನಿವೃತ್ತಿ ಉಳಿತಾಯದ ಖಾತೆಗಳಿಗೂ ಇಂಥ ಹೂಡಿಕೆಯ ದಾರಿ ತೆರೆಯಲು ಹೇಳಿತು.

ಇಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಷೇರುಪೇಟೆಯಲ್ಲಿ ಲಿಸ್ಟ್ ಆಗದ ಬಿಡಿಸಿ. ಬಿಡಿಸಿ ಅಂದರೆ ಬಿಸಿನೆಸ್ ಡೆವಲಪ್‌ಮೆಂಟ್ ಕಂಪನಿ, ಬೇರೆ ಕಂಪನಿಗಳಿಗೆ ಸಾಲ ಕೊಡುವ ಒಂದು ಬಗೆಯ ಫಂಡ್. ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ 2021ರಲ್ಲಿ ಶುರುಮಾಡಿದ ಬಿಕ್ರೆಡ್ ಇವುಗಳಲ್ಲಿ ದೊಡ್ಡದು. ಇನ್ನೊಂದು ಇಂಟರ್‌ವಲ್ ಫಂಡ್. ಎರಡೂ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಶೇ 5ರಷ್ಟು ಪಾಲನ್ನು ವಾಪಸ್ ಕೊಳ್ಳುತ್ತವೆ. ಹಾಗಂತ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಇಂಟರ್‌ವಲ್ ಫಂಡ್‌ಗೆ ಇದು ನಿಯಮ. ಹೇಳಿದ ಅವಧಿಗೆ ಕನಿಷ್ಠ ಶೇ 5ರಷ್ಟನ್ನು ಕೊಳ್ಳುವುದಾಗಿ ಅದು ಹೇಳಲೇಬೇಕು. ಲಿಸ್ಟ್ ಆಗದ ಬಿಡಿಸಿಯಲ್ಲಿ ಇದು ಫಂಡಿನ ನಿರ್ದೇಶಕ ಮಂಡಳಿಯ ಇಷ್ಟ. ಮಂಡಳಿ ಬೇಡವೆಂದರೆ ಆ ತ್ರೈಮಾಸಿಕ ಏನೂ ಸಿಗುವುದಿಲ್ಲ. ಕರಪತ್ರದಲ್ಲಿ ಇದು ಸಣ್ಣಕ್ಷರದಲ್ಲಿರುತ್ತದೆ, ಹುಡುಕಿ ಓದಿ.

ಇನ್ನು ಆ ಶೇ 5. ಅದು ನಿಮ್ಮ ಪಾಲಿನ ಶೇ 5 ಅಲ್ಲ, ಇಡೀ ಫಂಡಿನದು. ಎಲ್ಲರೂ ಸೇರಿ ಅಷ್ಟರೊಳಗೆ ಕೇಳಿದರೆ ನಿಮಗೆ ಪೂರ್ತಿ ಸಿಗುತ್ತದೆ. ಎಲ್ಲರೂ ಸೇರಿ ಶೇ 20 ಕೇಳಿದರು ಅಂತಿಟ್ಟುಕೊಳ್ಳಿ. ಆಗ ಪ್ರತಿಯೊಬ್ಬರಿಗೂ ಕೇಳಿದ್ದರಲ್ಲಿ ಕಾಲು ಭಾಗ. ನಿಮ್ಮ 100ರಲ್ಲಿ 25 ಬರುತ್ತದೆ, 75 ಉಳಿಯುತ್ತದೆ. ಮುಂದಿನ ಸಲವೂ ಅದೇ ನೂಕುನುಗ್ಗಲು ಇದ್ದರೆ 56 ಉಳಿಯುತ್ತದೆ. ಹೀಗೇ ನಡೆದರೆ ವರ್ಷ ತುಂಬಿದರೂ ಸುಮಾರು 32 ಒಳಗೇ ಇರುತ್ತದೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಇದೇ ಮಾದರಿಯ ರಿಯಲ್ ಎಸ್ಟೇಟ್ ಫಂಡ್ ಆದ ಬ್ಲ್ಯಾಕ್‌ಸ್ಟೋನ್‌ನ ಬಿ-ರೀಟ್ 2022ರ ನವೆಂಬರ್‌ನಲ್ಲಿ ವಾಪಸಾತಿಗೆ ಮಿತಿ ಹಾಕಿತು. ಕೇಳಿದವರಿಗೆಲ್ಲ ಪೂರ್ತಿ ಕೊಡುವ ಸ್ಥಿತಿಗೆ ಬರುವಾಗ 2024ರ ಫೆಬ್ರುವರಿ ಆಗಿತ್ತು. ಅದು ನಿಯಮದ ಪ್ರಕಾರವೇ ನಡೆಯಿತು, ಮೋಸ ಏನಿಲ್ಲ. ಆ ನಿಯಮ ಇರುವುದೇ ಉಳಿದವರನ್ನು ಕಾಪಾಡಲು. ತೊಂದರೆ ಆದದ್ದು ಇದನ್ನು ಉಳಿತಾಯ ಖಾತೆಯಂತೆ ನಂಬಿದವರಿಗೆ.

2025ರ ನವೆಂಬರ್‌ನಲ್ಲಿ ಬ್ಲೂ ಔಲ್ ಎಂಬ ಹೂಡಿಕೆ ಸಂಸ್ಥೆಯ ವಿಷಯದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಲಿಸ್ಟ್ ಆಗದ ತನ್ನ ಒಂದು ಫಂಡನ್ನು ಲಿಸ್ಟ್ ಆಗಿದ್ದ ಇನ್ನೊಂದರ ಜೊತೆ ಸೇರಿಸಲು ಅದು ಹೊರಟಿತು. ಲಿಸ್ಟ್ ಆಗಿದ್ದ ಫಂಡಿನ ಷೇರು ಆಗ ಎನ್‌ಎವಿಗಿಂತ, ಅಂದರೆ ಫಂಡಿನ ಆಸ್ತಿಗೆ ಲೆಕ್ಕದಲ್ಲಿ ಹಾಕಿದ ಬೆಲೆಗಿಂತ, ಸುಮಾರು ಶೇ 20 ಕಡಿಮೆ ಬೆಲೆಗೆ ನಡೆಯುತ್ತಿತ್ತು. ಅಂದರೆ ಕಾಗದದ ಮೇಲೆ 100 ಇದ್ದವರಿಗೆ ಮಾರಿದರೆ 80 ಸಿಗುವ ಷೇರು. ಗಲಾಟೆ ಎದ್ದು ವಿಲೀನ ಕೈಬಿಟ್ಟರು. ಒಂದೇ ಮನೆಯ, ಒಂದೇ ಬಗೆಯ ಸಾಲಗಳಿಗೆ ಎರಡು ಬೆಲೆ ಇದೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಹಾಗಾದರೆ ಈ ದಾರಿ ಯಾರಿಗೆ? ಐದು ವರ್ಷ ಮುಟ್ಟದೆ ಇರಬಲ್ಲೆ, ಆದರೆ ಕಂತುಕಂತಾಗಿ ಕೊಡುವ ತಾಪತ್ರಯ ಬೇಡ, ಮೊದಲ ದಿನದಿಂದಲೇ ಆದಾಯ ಬರಲಿ ಎನ್ನುವವರಿಗೆ. ವಾಪಸಾತಿಯ ಸೌಲಭ್ಯವನ್ನು ಸಿಕ್ಕರೆ ಲಾಭ ಎಂದು ನೋಡಬೇಕು. ಅದರ ಮೇಲೆ ಯಾವ ಯೋಜನೆಯನ್ನೂ ಕಟ್ಟಬಾರದು.

ಮೂರನೆಯ ದಾರಿ: ಲಿಸ್ಟೆಡ್ ಬಿಡಿಸಿ

ಬಿಡಿಸಿ ಎಂಬ ರೂಪವನ್ನು ಅಮೆರಿಕದ ಸಂಸತ್ತು 1980ರಲ್ಲೇ ಸೃಷ್ಟಿಸಿತು. ಸಣ್ಣ, ಮಧ್ಯಮ ಕಂಪನಿಗಳಿಗೆ ದುಡ್ಡು ಹರಿಯಲಿ ಎಂಬುದು ಉದ್ದೇಶ. ತೆರಿಗೆ ರಿಯಾಯಿತಿ ಬೇಕಾದರೆ ತೆರಿಗೆಗೆ ಬರುವ ಆದಾಯದ ಕನಿಷ್ಠ ಶೇ 90 ಹಂಚಬೇಕು. ಹಾಗಾಗಿ ಡಿವಿಡೆಂಡ್ ದೊಡ್ಡದಾಗಿ ಕಾಣುತ್ತದೆ. 2018ರ ಮೊದಲು ತಮ್ಮ ಬಂಡವಾಳದಷ್ಟೇ ಸಾಲ ತರಬಹುದಿತ್ತು. ಆಮೇಲೆ ಕಾನೂನು ಬದಲಾಗಿ ಎರಡು ಪಟ್ಟಿನವರೆಗೂ ತರಬಹುದಾಯಿತು.

ಇಲ್ಲಿ ಗುಂಡಿ ಒತ್ತಿದರೆ ಹೊರಗೆ. ಬೆಲೆ ಮಾತ್ರ ಮಾರುಕಟ್ಟೆ ಹೇಳಿದ್ದು. 2020ರ ಮಾರ್ಚ್‌ನಲ್ಲಿ ಹಲವು ಬಿಡಿಸಿ ಷೇರುಗಳು ಕೆಲವೇ ವಾರಗಳಲ್ಲಿ ಅರ್ಧ ಬೆಲೆಗೆ ಬಂದವು. ಒಳಗಿದ್ದ ಸಾಲಗಳು ಆ ಮಟ್ಟಕ್ಕೆ ಕೆಟ್ಟಿರಲಿಲ್ಲ.

ಜನ ಇದನ್ನು ದೊಡ್ಡ ದೋಷ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಲಿಸ್ಟ್ ಆಗದ ಫಂಡ್ ಕಡಿಮೆ ಅಲುಗಾಡುವುದಕ್ಕೆ ಕಾರಣ ಅದರ ಬೆಲೆಯನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಮಾದರಿ ಲೆಕ್ಕದಿಂದ ಕಟ್ಟುವುದು. ಅಲುಗಾಟ ಕಾಣದಿದ್ದರೆ ರಿಸ್ಕ್ ಇಲ್ಲ ಎಂದಲ್ಲ. ಲಿಸ್ಟೆಡ್ ಫಂಡಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಎನ್‌ಎವಿ 20 ಇರುವಾಗ ಷೇರು 16ಕ್ಕೆ ಸಿಕ್ಕರೆ, ಅದೇ ಸಾಲಗಳನ್ನು ಶೇ 20 ಅಗ್ಗಕ್ಕೆ ಕೊಂಡ ಹಾಗೆ. ಆದರೆ ಡಿಸ್ಕೌಂಟ್ ಎಂದರೆ ಸುಮ್ನೆ ಅಗ್ಗ ಎಂದುಕೊಳ್ಳಬಾರದು. ಕೆಲವು ಸಲ ಮಾರುಕಟ್ಟೆಗೆ ಎನ್‌ಎವಿ ಮೇಲೆಯೇ ನಂಬಿಕೆ ಇರುವುದಿಲ್ಲ, ಅದು ಸರಿಯೂ ಆಗಿರುತ್ತದೆ.

ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರುವ ಫಂಡ್‌ಗಳಾದ ಇಟಿಎಫ್‌ಗಳ ಬಗ್ಗೆ ಒಂದು ಮಾತು. ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಸಂಸ್ಥೆ ಮತ್ತು ಅಪೊಲೊ ಸೇರಿ 2025ರ ಫೆಬ್ರುವರಿಯಲ್ಲಿ ಪ್ರೈವೇಟ್ ಕ್ರೆಡಿಟ್ ಇರುವ ಇಂಥದ್ದೊಂದನ್ನು ತಂದವು. ಮಾರಲು ಕಷ್ಟವಾದ ಆಸ್ತಿ ಶೇ 15 ಮೀರಬಾರದು ಎಂಬ ನಿಯಮ ಇಟಿಎಫ್‌ಗಳಿಗೆ ಇದೆ. ಹಾಗಾಗಿ ಹೆಸರು ನೋಡಿ ಕೊಳ್ಳುವ ಮೊದಲು ಒಳಗೆ ಪ್ರೈವೇಟ್ ಸಾಲ ಎಷ್ಟಿದೆ ಎಂದು ಪಟ್ಟಿ ನೋಡಿ.

ಶುಲ್ಕದ ಲೆಕ್ಕ

ಇಲ್ಲಿ ಪೆನ್ನು ಕಾಗದ ಬೇಕು. ಎರಡು ಫಂಡ್ ಊಹಿಸಿಕೊಳ್ಳಿ. ಎರಡೂ ನಿಮ್ಮಿಂದ 100 ಪಡೆದು, ಬ್ಯಾಂಕಿನಿಂದ ಶೇ 6ಕ್ಕೆ ಇನ್ನೊಂದು 100 ತಂದು, ಒಟ್ಟು 200 ಅನ್ನು ಶೇ 9ಕ್ಕೆ ಸಾಲ ಕೊಡುತ್ತವೆ. ಬಡ್ಡಿ 18 ಬಂತು. ಬ್ಯಾಂಕಿಗೆ 6 ಹೋಯಿತು. ಉಳಿದದ್ದು 12.

ಮೊದಲ ಫಂಡ್ ನಿಮ್ಮ 100ರ ಮೇಲೆ ಶೇ 1.25 ನಿರ್ವಹಣಾ ಶುಲ್ಕ, ಆದಾಯದ ಮೇಲೆ ಶೇ 12.5 ಪ್ರೋತ್ಸಾಹ ಶುಲ್ಕ ಹಾಕುತ್ತದೆ. ನಿಮಗೆ ಸುಮಾರು 9.4 ಉಳಿಯುತ್ತದೆ. ಎರಡನೆಯದು ತಂದ ಸಾಲವೂ ಸೇರಿ 200ರ ಮೇಲೆ ಶೇ 1.5, ಆದಾಯದ ಮೇಲೆ ಶೇ 20 ಹಾಕುತ್ತದೆ. ನಿಮಗೆ 7.2. ಸಾಲಗಳು ಒಂದೇ, ಬಡ್ಡಿ ಒಂದೇ, ವರ್ಷಕ್ಕೆ 2.2ರ ವ್ಯತ್ಯಾಸ. ಮೊದಲನೆಯದು ಹೊಸ ಲಿಸ್ಟ್ ಆಗದ ಬಿಡಿಸಿಗಳಲ್ಲಿ, ಎರಡನೆಯದು ಹಳೆಯ ಲಿಸ್ಟೆಡ್ ಬಿಡಿಸಿಗಳಲ್ಲಿ ಸಾಮಾನ್ಯವಾಗಿ ಕಾಣುವ ದರ.

ಈಗ ವರ್ಷಕ್ಕೆ ಶೇ 2ರಷ್ಟು ಸಾಲ ಮುಳುಗಿತು ಎನ್ನೋಣ. 200ರ ಶೇ 2 ಅಂದರೆ 4. ಅದು ಪೂರ್ತಿ ನಿಮ್ಮ ತಲೆಯ ಮೇಲೆ, ಏಕೆಂದರೆ ಬ್ಯಾಂಕ್ ತನ್ನದನ್ನು ಮೊದಲು ಪಡೆಯುತ್ತದೆ. ಮೊದಲ ಫಂಡಿನಲ್ಲಿ 5.4, ಎರಡನೆಯದರಲ್ಲಿ 3.2. ಹಲವು ಫಂಡ್‌ಗಳಲ್ಲಿ ಪ್ರೋತ್ಸಾಹ ಶುಲ್ಕ ಬಡ್ಡಿ ಆದಾಯದ ಮೇಲೆ ಮಾತ್ರ ಲೆಕ್ಕ ಆಗುತ್ತದೆ. ಅಸಲು ಮುಳುಗಿದರೂ ಮ್ಯಾನೇಜರ್ ತನ್ನ ಪಾಲು ತೆಗೆದುಕೊಂಡಿರುತ್ತಾನೆ. ಅಸಲಿನ ನಷ್ಟವನ್ನೂ ಸೇರಿಸಿ ಶುಲ್ಕಕ್ಕೆ ಮಿತಿ ಹಾಕುವ ಕರಾರು ಇದೆಯೇ ನೋಡಿ. ಇದ್ದರೆ ಆ ಫಂಡಿಗೆ ಒಂದು ಅಂಕ ಜಾಸ್ತಿ ಕೊಡಬಹುದು.

ಒಳಗಿನ ಸಾಲ ಯಾವ ಬಗೆಯದು?

ಬಹುಪಾಲು ಫಂಡ್‌ಗಳಲ್ಲಿ ಇರುವುದು ಸೀನಿಯರ್ ಸಾಲ. ಕಂಪನಿ ಮುಳುಗಿದರೆ ಆಸ್ತಿಯ ಮೇಲೆ ಮೊದಲ ಹಕ್ಕು ಇವರದು. ಮೆಜನೈನ್ ಸಾಲ ಅದರ ಹಿಂದೆ ನಿಲ್ಲುತ್ತದೆ, ಬಡ್ಡಿ ಹೆಚ್ಚು. ಈ ವಲಯಕ್ಕೆ ಹೊಸಬರಾದರೆ ಮೆಜನೈನ್ ಬೇಡ, ಅಷ್ಟೇ. ಕಷ್ಟಕ್ಕೆ ಬಿದ್ದ ಕಂಪನಿಗಳ ಸಾಲವನ್ನು ಅಗ್ಗಕ್ಕೆ ಕೊಳ್ಳುವ ಫಂಡ್‌ಗಳಲ್ಲಿ ಎಲ್ಲವೂ ಮ್ಯಾನೇಜರ್‌ನ ಕೈಚಳಕದ ಮೇಲೆ ನಿಂತಿರುತ್ತದೆ.

ಸೀನಿಯರ್ ಎಂಬ ಹೆಸರಷ್ಟೇ ಸಾಲದು, ಕರಾರು ಗಟ್ಟಿ ಇರಬೇಕು. ಪ್ಲೂರಲ್‌ಸೈಟ್ ಕಥೆ ನೋಡಿ. ಈ ಸಾಫ್ಟ್‌ವೇರ್ ತರಬೇತಿ ಕಂಪನಿಯನ್ನು ವಿಸ್ಟಾ ಎಂಬ ಹೂಡಿಕೆ ಸಂಸ್ಥೆ 2021ರಲ್ಲಿ ಸುಮಾರು 350 ಕೋಟಿ ಡಾಲರ್‌ಗೆ ಕೊಂಡಿತ್ತು. ಸಾಲ ಕೊಟ್ಟ ಫಂಡ್‌ಗಳು ಲಾಭ ನೋಡಿ ಕೊಟ್ಟಿರಲಿಲ್ಲ, ಚಂದಾದಿಂದ ಬರುವ ಆದಾಯ ನೋಡಿ ಕೊಟ್ಟಿದ್ದವು. 2024ರಲ್ಲಿ ಕಂಪನಿ ಕಷ್ಟಕ್ಕೆ ಬಿದ್ದಾಗ ಅದರ ಬೌದ್ಧಿಕ ಆಸ್ತಿಯನ್ನು ಸಾಲ ಕೊಟ್ಟವರ ಹಿಡಿತದಾಚೆಯ ಇನ್ನೊಂದು ಘಟಕಕ್ಕೆ ಸರಿಸಲಾಯಿತು. ಕೊನೆಗೆ ಸಾಲ ಕೊಟ್ಟವರೇ ಕಂಪನಿಯನ್ನು ಕೈಗೆ ತೆಗೆದುಕೊಂಡರು. ನಮ್ಮ ಕರಾರುಗಳು ಬ್ಯಾಂಕ್ ಸಾಲಕ್ಕಿಂತ ಬಿಗಿ ಎಂದು ಹೇಳಿಕೊಂಡೇ ಬೆಳೆದ ವಲಯಕ್ಕೆ ಇದು ಮುಜುಗರದ ಘಟನೆ. ಸಾಫ್ಟ್‌ವೇರ್ ಕಂಪನಿಗಳ ಸಾಲ ಹಲವು ಫಂಡ್‌ಗಳಲ್ಲಿ ಅತಿ ದೊಡ್ಡ ಪಾಲು. ಎಐ ಬಂದು ಇವುಗಳಲ್ಲಿ ಯಾವುದರ ವ್ಯಾಪಾರ ಉಳಿಯುತ್ತದೆ ಎಂಬ ಪ್ರಶ್ನೆ ಈಗ ಎದ್ದಿದೆ. ಫಂಡಿನ ಪಟ್ಟಿಯಲ್ಲಿ ಈ ಪಾಲು ಎಷ್ಟು ಎಂದು ಕೇಳದೆ ಮುಂದೆ ಹೋಗಬೇಡಿ.

ವಾಹನ ಸಾಲ, ಬಾಕಿ ಬಿಲ್ಲು ಇಂಥವನ್ನು ಅಡವಿಟ್ಟುಕೊಂಡು ಕೊಡುವ ಸಾಲ ಈಚೆಗೆ ಜೋರಾಗಿದೆ. ಕಂಪನಿ ಮುಳುಗಿದರೂ ಅಡವು ಕೈಯಲ್ಲಿದೆ ಎಂಬುದು ಇದರ ಆಕರ್ಷಣೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎರಡು ಕಂಪನಿಗಳು ದಿವಾಳಿ ಎದ್ದವು: ವಾಹನ ಮಾರಾಟ ಮತ್ತು ಸಾಲದ ಟ್ರೈಕಲರ್, ವಾಹನ ಬಿಡಿಭಾಗಗಳ ಫಸ್ಟ್ ಬ್ರ್ಯಾಂಡ್ಸ್. ಒಂದೇ ಅಡವನ್ನು ಒಬ್ಬರಿಗಿಂತ ಹೆಚ್ಚು ಜನರಿಗೆ ತೋರಿಸಲಾಗಿತ್ತು ಎಂಬ ಆರೋಪ ಬಂತು. ಒಂದು ಜಿರಳೆ ಕಂಡರೆ ಇನ್ನೂ ಇರಬಹುದು ಎಂಬರ್ಥದಲ್ಲಿ ಜೆಪಿ ಮಾರ್ಗನ್‌ನ ಮುಖ್ಯಸ್ಥ ಜೇಮಿ ಡೈಮನ್ ಹೇಳಿದ್ದು ಆಗಲೇ. ಆದರೆ ಈ ಎರಡರಲ್ಲೂ ಬ್ಯಾಂಕುಗಳೂ ಸಿಕ್ಕಿಬಿದ್ದಿದ್ದವು, ಟ್ರೈಕಲರ್‌ನಲ್ಲಿ ಡೈಮನ್ ಅವರ ಬ್ಯಾಂಕ್ ಕೂಡ. ತಪ್ಪನ್ನು ಪೂರ್ತಿ ಪ್ರೈವೇಟ್ ಕ್ರೆಡಿಟ್ ಮೇಲೆ ಹೊರಿಸುವುದು ನ್ಯಾಯವಲ್ಲ. ಅಡವು ಇದೆ ಎಂಬುದಕ್ಕಿಂತ ಅದನ್ನು ಯಾರು, ಎಷ್ಟು ಸಲ ಹೋಗಿ ಎಣಿಸುತ್ತಾರೆ ಎಂಬುದು ಮುಖ್ಯ.

ಬಡ್ಡಿ ದುಡ್ಡಾಗಿ ಬರುತ್ತಿದೆಯೇ?

ಇದೊಂದು ಪರೀಕ್ಷೆ ಮೂರೂ ದಾರಿಗೆ ಹೊಂದುತ್ತದೆ. 100 ಎಬಿಟ್ಡಾ ಇರುವ ಕಂಪನಿಗೆ 600 ಸಾಲ ಇದೆ ಎನ್ನೋಣ. 2021ರಲ್ಲಿ ಶೇ 7ರ ಬಡ್ಡಿಗೆ ವರ್ಷಕ್ಕೆ 42 ಕಟ್ಟುತ್ತಿತ್ತು. ದರ ಬದಲಾಗುವ ಸಾಲವಾದ್ದರಿಂದ 2023ರಲ್ಲಿ ಬಡ್ಡಿ ಶೇ 11.3ಕ್ಕೆ ಏರಿತು. ಈಗ ಕಟ್ಟಬೇಕಾದ್ದು 68. ಉಳಿದ 32ರಲ್ಲಿ ತೆರಿಗೆ, ಯಂತ್ರ, ವಿಸ್ತರಣೆ ಎಲ್ಲ ಆಗಬೇಕು. ಆಗದಿದ್ದಾಗ ಕಂಪನಿ ಫಂಡಿನ ಬಳಿ ಬಂದು, ಬಡ್ಡಿಯನ್ನು ಅಸಲಿಗೆ ಸೇರಿಸಿಬಿಡಿ ಎಂದು ಕೇಳುತ್ತದೆ. ಇದಕ್ಕೆ ಪಿಕ್ ಎನ್ನುತ್ತಾರೆ.

ಪಿಕ್ ಇದ್ದರೆ ಫಂಡಿನ ಪುಸ್ತಕದಲ್ಲಿ ಆದಾಯ ಇದೆ, ಕೈಯಲ್ಲಿ ದುಡ್ಡಿಲ್ಲ. ಸಾಲ ಕೊಡುವಾಗಲೇ ಒಪ್ಪಿದ ಪಿಕ್ ಆದರೆ ಅಷ್ಟು ಹೆದರಬೇಕಿಲ್ಲ. ಮಧ್ಯದಲ್ಲಿ ಕರಾರು ತಿದ್ದಿ ಸೇರಿಸಿದ ಪಿಕ್ ಮಾತ್ರ, ನನ್ನ ಕಣ್ಣಿಗೆ, ಸುಸ್ತಿಯ ಸಭ್ಯ ಹೆಸರು. ಲೆಕ್ಕದಲ್ಲಿ ಸುಸ್ತಿ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಬಿಡಿಸಿಗಳು, ಲಿಸ್ಟ್ ಆಗದವೂ ಸೇರಿ, ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಮೂರು ತಿಂಗಳಿಗೊಮ್ಮೆ ಪ್ರತಿ ಸಾಲದ ಪಟ್ಟಿ ಕೊಡುತ್ತವೆ. ಯಾವ ಕಂಪನಿ, ಎಷ್ಟು ಬಡ್ಡಿ, ಅದರಲ್ಲಿ ಪಿಕ್ ಎಷ್ಟು, ಕೊಟ್ಟದ್ದೆಷ್ಟು, ಈಗಿನ ಬೆಲೆ ಎಷ್ಟು ಎಲ್ಲ ಅದರಲ್ಲಿದೆ, ಯಾರು ಬೇಕಾದರೂ ನೋಡಬಹುದು. ಒಂದೇ ಸಾಲ ಎರಡು ಫಂಡ್‌ಗಳಲ್ಲಿದ್ದರೆ ಇಬ್ಬರೂ ಹಾಕಿದ ಬೆಲೆ ಪಕ್ಕಪಕ್ಕ ಇಟ್ಟು ನೋಡಿ. 100ರ ಸಾಲಕ್ಕೆ ಒಬ್ಬರು 97, ಇನ್ನೊಬ್ಬರು 85 ಎಂದಿದ್ದರೆ 97 ಎಂದವರ ಉಳಿದ ಲೆಕ್ಕಗಳನ್ನೂ ಅನುಮಾನದಿಂದಲೇ ಓದಬೇಕು. ಪ್ಲೂರಲ್‌ಸೈಟ್ ಸಾಲಕ್ಕೂ ಹೀಗೇ ಬೇರೆ ಬೇರೆ ಬೆಲೆ ಹಾಕಿದ್ದರು. ಡ್ರಾಡೌನ್ ಫಂಡ್‌ನಲ್ಲಿ ಈ ಪಟ್ಟಿ ಹೊರಗಿನವರಿಗೆ ಸಿಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅದೇ ಮ್ಯಾನೇಜರ್‌ನ ಹಿಂದಿನ ಫಂಡಿನ ಪಟ್ಟಿ ಕೇಳಿ.

ಯಾರಿಗೆ ಯಾವುದು

ಹತ್ತು ವರ್ಷ ಬೇಡದ ದೊಡ್ಡ ಮೊತ್ತ ಇದೆ, ವರದಿಗಳನ್ನು ಓದಿ ಪ್ರಶ್ನೆ ಕೇಳಬಲ್ಲಿರಿ ಎಂದರೆ ಡ್ರಾಡೌನ್ ಫಂಡ್ ಮೊದಲ ಆಯ್ಕೆ. ಒಂದೇ ವರ್ಷದಲ್ಲಿ ಎಲ್ಲ ಹಾಕದೆ ಬೇರೆ ಬೇರೆ ವರ್ಷ ಶುರುವಾಗುವ ಎರಡು ಮೂರು ಫಂಡ್‌ಗಳಿಗೆ ಹಂಚಿ. ಮೊತ್ತ ಚಿಕ್ಕದು, ಬೆಲೆ ಬಿದ್ದಾಗ ನಿದ್ದೆ ಕೆಡುವುದಿಲ್ಲ ಎಂದರೆ ಎನ್‌ಎವಿಗಿಂತ ಕಡಿಮೆಗೆ ಸಿಗುವ, ಪಿಕ್ ಕಡಿಮೆ ಇರುವ ಲಿಸ್ಟೆಡ್ ಬಿಡಿಸಿ ನೋಡಬಹುದು. ಬೆಲೆ ಏರಿಳಿತ ನೋಡಿದರೆ ಗಾಬರಿಯಾಗಿ ಮಾರಿಬಿಡುವ ಸ್ವಭಾವ ನಿಮ್ಮದಾದರೆ ತ್ರೈಮಾಸಿಕದ ಫಂಡ್ ನಿಮ್ಮನ್ನು ನಿಮ್ಮಿಂದಲೇ ಕಾಪಾಡುತ್ತದೆ. ಆಗಲೂ ಮಂಡಳಿಯ ಇಷ್ಟಕ್ಕೆ ಬಿಟ್ಟದ್ದಕ್ಕಿಂತ ಇಂಟರ್‌ವಲ್ ಫಂಡ್ ನನಗೆ ಮೆಚ್ಚು.

ಮೂರು ವರ್ಷದೊಳಗೆ ಬೇಕಾಗುವ ದುಡ್ಡಾದರೆ ಈ ಮೂರೂ ಬೇಡ. ದಿನವೂ ಮಾರಲು ಸಿಗುವ ಸಾಲಪತ್ರಗಳ ಫಂಡ್ ಸಾಕು. ಬಡ್ಡಿಯ ಅಂತರ ಕಿರಿದಾಗಿರುವ ಈ ಹೊತ್ತಿನಲ್ಲಿ ನೀವು ಬಿಟ್ಟುಕೊಡುವುದು ವರ್ಷಕ್ಕೆ ಒಂದೋ ಎರಡೋ ಶೇಕಡ. ಉಳಿದವರು ಕೂಡ ಫಂಡಿನ ಆದಾಯದಿಂದ ಶುಲ್ಕ, ಶೇ 2ರ ನಷ್ಟ, ತೆರಿಗೆ ಎಲ್ಲ ಕಳೆದು, ಉಳಿಯುವುದು ಇಂಥ ಮಾಮೂಲು ಫಂಡಿಗಿಂತ ಎಷ್ಟು ಜಾಸ್ತಿ ಎಂದು ಲೆಕ್ಕ ಹಾಕಿ ನೋಡಿ. ಆ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ ಬಂದರೆ, ಐದು ವರ್ಷ ದುಡ್ಡು ಕಟ್ಟಿಹಾಕಲು ನಾನಂತೂ ಒಪ್ಪುವುದಿಲ್ಲ.